ಗೇಟಲ್ಲಿ ಕೇಳಿದ್ದನ್ನೆಲ್ಲ ಎಲ್ಲಿಡ್ತೀರಿ? ನಮ್ಮ ಹೌಸಿಂಗ್ ಸೊಸೈಟಿ ಕಮಿಟಿಗೊಂದು ಬಹಿರಂಗ ಪತ್ರ

ಚೇರ್ಮನ್‌ರಿಗೆ, ಸೆಕ್ರೆಟರಿಯವರಿಗೆ, ಕಮಿಟಿಯ ಉಳಿದ ಎಲ್ಲರಿಗೂ ನಮಸ್ಕಾರ.

ಇದರ ಮರಾಠಿ ಪ್ರತಿಯನ್ನ ಸೊಸೈಟಿ ಆಫೀಸಲ್ಲಿ ಕೊಟ್ಟು ಇನ್‌ವರ್ಡ್ ಸ್ಟ್ಯಾಂಪ್ ಹಾಕಿಸ್ಕೊಂಡಾಗಿದೆ, ಹಾಗಾಗಿ ನಮಗೆ ಸಿಕ್ಕೇ ಇಲ್ಲ ಅನ್ನೋ ಹಾಗಿಲ್ಲ. ಕನ್ನಡದಲ್ಲಿ ಮತ್ತೆ ಯಾಕೆ ಅಂದ್ರೆ, ಮುಲುಂಡ್, ಡೊಂಬಿವಲಿ, ಚೆಂಬೂರು, ಸಾಂತಾಕ್ರೂಜ್ ಅಂತ ಮುಂಬೈ ತುಂಬಾ ಹರಡಿಕೊಂಡಿರೋ ನಮ್ಮವರ ಬಿಲ್ಡಿಂಗುಗಳಲ್ಲೂ ಇದೇ ಕತೆ ನಡೀತಿದೆ, ಫೋನ್ ಮಾಡಿದಾಗೆಲ್ಲ ಒಬ್ಬರಲ್ಲ ಒಬ್ಬರು ಹೇಳ್ತಾರೆ, ಮತ್ತೆ ಆ ಕಮಿಟಿಗಳಲ್ಲಿ ಎಷ್ಟೋ ಕಡೆ ಸೆಕ್ರೆಟರಿ ಅಂತ ಕೂತಿರೋರೂ ನಮ್ಮವರೇ. ಅವರೂ ಓದಲಿ.

ವಿಷಯ ಲಿಫ್ಟ್ ಪಕ್ಕ ಅಂಟಿಸಿದ ನೋಟಿಸಿಂದು. ಬರೋ ತಿಂಗಳಿಂದ ಗೇಟಿಗೆ ಹೊಸ ಆಪ್ ಬರುತ್ತಂತೆ, ಮನೆಗೆಲಸದವರು, ಅಡುಗೆಯವರು, ಡ್ರೈವರ್‌ಗಳು, ಪೇಪರ್ ಹಾಕೋ ಹುಡುಗ ಎಲ್ಲರೂ ಮುಖ ಸ್ಕ್ಯಾನ್ ಮಾಡಿಸ್ಕೋಬೇಕು, ಆಧಾರ್ ಎರಡೂ ಬದಿ ಝೆರಾಕ್ಸ್ ಕೊಡಬೇಕು, ಬಾಡಿಗೆಗೆ ಇರೋರು ಮಕ್ಕಳು ಸೇರಿ ಮನೆಮಂದಿಯೆಲ್ಲರ ಫೋಟೋ ಅಪ್‌ಲೋಡ್ ಮಾಡಬೇಕು, ಮಾಡದಿದ್ರೆ ಎಂಟ್ರಿ ಬಂದ್. ಕೆಳಗೆ ಕೆಂಪಕ್ಷರದಲ್ಲಿ "ಎಲ್ಲರ ಸುರಕ್ಷೆಗಾಗಿ". ಇಷ್ಟೆಲ್ಲ ಎಲ್ಲಿ ಇಡ್ತಾರೆ, ಯಾರು ನೋಡ್ತಾರೆ, ಕೆಲಸ ಬಿಟ್ಟು ಹೋದವರದ್ದನ್ನ ಯಾವಾಗ ಅಳಿಸ್ತಾರೆ ಅಂತ ಒಂದು ಸಾಲೂ ಇಲ್ಲ. ನನ್ನ ತಕರಾರು ಇಷ್ಟೇ. ಕೇಳೋ ಹಕ್ಕು ನಿಮಗಿದೆ ಅಂತಾದ್ರೆ, ಕೇಳಿ ತಗೊಂಡಿದ್ದನ್ನ ಕಾಯೋ ಜವಾಬ್ದಾರಿನೂ ನಿಮ್ಮದೇ, ಕಾಯೋಕೆ ಆಗಲ್ಲ ಅಂದ್ರೆ ಕೇಳಲೇಬೇಡಿ.

ಸೆಕ್ಯುರಿಟಿ ಬೇಡ ಅಂತ ನಾನು ಹೇಳ್ತಿಲ್ಲ, ಮೊದಲೇ ಹೇಳಿಬಿಡ್ತೀನಿ, ಇಲ್ಲಾಂದ್ರೆ ಮೀಟಿಂಗಲ್ಲಿ ಯಾರಾದ್ರೂ ಎದ್ದು "ಇವರಿಗೆ ಕಳ್ಳರ ಮೇಲೆ ಪ್ರೀತಿ" ಅಂತಾರೆ. ಈ ಊರು 1993ರ ಮಾರ್ಚಿನ ಬಾಂಬ್ ಸ್ಫೋಟ ನೋಡಿದೆ, 2006ರ ಜುಲೈ 11ಕ್ಕೆ ಲೋಕಲ್ ಟ್ರೈನುಗಳಲ್ಲಿ ಬಾಂಬ್ ಸಿಡಿದದ್ದು ನೋಡಿದೆ, 2008ರ ನವೆಂಬರ್ 26ರ ಉಗ್ರರ ದಾಳಿ ನೋಡಿದೆ. ಅದಾದ್ಮೇಲೆ ಗೇಟು ಬಿಗಿಯಾದದ್ದು, ಬಾಡಿಗೆಯವರ ವಿವರ ಪೊಲೀಸರಿಗೆ ಕೊಡೋದು ಕಡ್ಡಾಯ ಆದದ್ದು ಸುಮ್ಮನೆ ಅಲ್ಲ. ಹಾಗೆ ನೋಡಿದ್ರೆ ಇಲ್ಲಿ ರೂಮು ಬಾಡಿಗೆಗೆ ತಗೊಳ್ಳೋನು ಲೀವ್ ಅಂಡ್ ಲೈಸೆನ್ಸ್ ಎಗ್ರಿಮೆಂಟ್ ರಿಜಿಸ್ಟರ್ ಮಾಡಿಸ್ಬೇಕು, ಅದಕ್ಕೆ ಹೆಬ್ಬೆಟ್ಟು, ಫೋಟೋ ಕೊಡ್ತಾನೆ, ಪೊಲೀಸ್ ವೆರಿಫಿಕೇಶನ್‌ಗೆ ಮತ್ತೊಂದ್ಸಲ ಎಲ್ಲಾ ಕೊಡ್ತಾನೆ. ಸರ್ಕಾರದ ಹತ್ರ ಆಗಲೇ ಇರೋದನ್ನ ನೀವು ಮೂರನೇ ಸಲ ಯಾಕೆ ಒಟ್ಟು ಹಾಕ್ತೀರಿ? ಪೊಲೀಸ್ ವೆರಿಫಿಕೇಶನ್ ಆದ ರಸೀದಿ ತೋರಿಸು ಅಂದ್ರೆ ಸಾಕಲ್ವಾ?

ಈಗ ನಿಮ್ಮ ಕಾಯೋ ಕೆಲಸ ಹೇಗಿದೆ ನೋಡೋಣ ಬನ್ನಿ. ಗೇಟ್ ಕ್ಯಾಬಿನ್ ಮುಂದೆ ಸ್ಟೂಲ್ ಮೇಲೆ ಒಂದು ಉದ್ದ ರಿಜಿಸ್ಟರ್ ಇದೆಯಲ್ಲ, ರಟ್ಟು ಕಿತ್ತುಹೋದದ್ದು, ದಾರ ಕಟ್ಟಿದ ಬಾಲ್‌ಪೆನ್ನು. ಮಳೆಗಾಲದಲ್ಲಿ ಅದರ ಮೇಲೆ ಒಂದು ಪ್ಲಾಸ್ಟಿಕ್ ಹಾಸ್ತಾರೆ. ಹೆಸರು, ಮೊಬೈಲ್ ನಂಬರ್, ಎಲ್ಲಿಂದ ಬಂದದ್ದು, ಯಾವ ರೂಮಿಗೆ, ಎಷ್ಟೊತ್ತಿಗೆ ಒಳಗೆ, ಎಷ್ಟೊತ್ತಿಗೆ ಹೊರಗೆ, ಸಹಿ. ಒಂದು ಪುಟ ತೆರೆದ್ರೆ ಮೂವತ್ತು ಜನರ ಜಾತಕ ಮಲಗಿರುತ್ತೆ. ಪಿಜ್ಜಾ ತಂದ ಹುಡುಗ ತನ್ನ ಸಾಲು ತುಂಬಿಸೋ ಮೊದಲು ಮೇಲಿನ ಸಾಲೆಲ್ಲ ಓದಬಹುದು, ಮೊಬೈಲಲ್ಲಿ ಫೋಟೋ ಹೊಡ್ಕೊಂಡು ಹೋದ್ರೂ ಯಾರಿಗೂ ಗೊತ್ತಾಗಲ್ಲ. ಯಾವ ರೂಮಲ್ಲಿ ಯಾರು ಒಬ್ಬರೇ ಇರ್ತಾರೆ, ಯಾರ ಮನೆಗೆ ದಿನಾ ನರ್ಸ್ ಬರ್ತಾಳೆ, ಯಾರ ಮನೆಗೆ ವಾರದಿಂದ ಯಾರೂ ಬಂದಿಲ್ಲ, ಎಲ್ಲ ಅದರಲ್ಲಿದೆ. ಕಳ್ಳನಿಗೆ ಇದಕ್ಕಿಂತ ಒಳ್ಳೆ ಪುಸ್ತಕ ಬೇಕಾ ಮಾರಾಯ್ರೆ?

ನಮ್ಮಕ್ಕನ ಮಗಳು ಊರಿಂದ ಬಂದಿದ್ಲು, ಉಡುಪಿ ಹತ್ರದವಳು, ಇಲ್ಲಿ ಇಂಟರ್‌ವ್ಯೂ ಇತ್ತು. ಗೇಟಲ್ಲಿ ಪೂರ್ತಿ ಹೆಸರು, ಪೂರ್ತಿ ನಂಬರ್ ನೀಟಾಗಿ ಬರೆದ್ಲು, ಊರಲ್ಲಿ ಹಾಗೇ ಕಲ್ಸಿದ್ದು. ರಾತ್ರಿ ಗೊತ್ತಿಲ್ಲದ ನಂಬರಿಂದ "ಹಾಯ್, ಪೆಹೆಚಾನಾ?" ಅಂತ ಮೆಸೇಜ್, ಆಮೇಲೆ ಅವಳು ಹಾಕಿದ್ದ ಡ್ರೆಸ್ಸಿನ ಬಣ್ಣ. ನಾನು ನಿಮ್ಮಲ್ಲಿ ಒಬ್ಬರಿಗೆ ಹೇಳಿದೆ. "ಬ್ಲಾಕ್ ಮಾಡಿ ಬಿಡಿ, ಹುಡುಗರು ಹಾಗೇ" ಅಂತ ಉತ್ತರ ಬಂತು. ಅವಳು ಬ್ಲಾಕೂ ಮಾಡಿದ್ಲು, ಆದ್ರೆ ಮತ್ತೆ ಆ ಗೇಟಿಂದ ಒಬ್ಬಳೇ ಹೋಗ್ಲಿಲ್ಲ, ನಾನು ರಿಕ್ಷಾ ತನಕ ಬಿಟ್ಟು ಬರಬೇಕಾಯ್ತು. ನಂಬರ್ ತಗೊಂಡದ್ದು ಅವಳ ಸುರಕ್ಷೆಗೇ ಅಲ್ವಾ? ಅಂಥ ಕಡೆ ಈಗ ಮುಖನೂ ಕೊಡಿ ಅಂತೀರಿ.

ಇನ್ನು ವಾಟ್ಸಾಪ್ ಗ್ರೂಪು. ಹೊಸ ಬಾಡಿಗೆಯವರು ಬಂದಾಗ ಅವರ ಆಧಾರ್ ಕಾರ್ಡಿನ ಫೋಟೋನೇ ಗ್ರೂಪಿಗೆ ಹಾಕ್ತೀರಿ, "ವೆಲ್ಕಮ್ ನ್ಯೂ ಫ್ಯಾಮಿಲಿ" ಅಂತ ಕೆಳಗೆ ಹೂವಿನ ಇಮೋಜಿ ಬೇರೆ. ಗ್ರೂಪಲ್ಲಿ ಎಷ್ಟು ಜನ ಇದ್ದಾರೆ ಅಂತ ಯಾವತ್ತಾದ್ರೂ ನೋಡಿದ್ದೀರಾ, ರೂಮು ಮಾರಿ ನಾಲಕ್ಕು ವರ್ಷ ಹಿಂದೆ ಹೋದವರು ಇನ್ನೂ ಅದರಲ್ಲೇ ಇದ್ದಾರೆ, ಎಸ್ಟೇಟ್ ಏಜೆಂಟರು ಇದ್ದಾರೆ, ಪ್ಲಂಬರ್ ಇದ್ದಾನೆ. ಅಲ್ಲಿಂದ ಪ್ರಿಂಟ್ ಬೇಕು ಅಂತ ಸ್ಟೇಶನ್ ರೋಡಿನ ಝೆರಾಕ್ಸ್ ಅಂಗಡಿ ನಂಬರಿಗೆ ಫಾರ್ವರ್ಡ್, ಆ ಅಂಗಡಿ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರ್ ಒಂದ್ಸಲ ಇಣುಕಿ ನೋಡಿ, ಅರ್ಧ ವಾರ್ಡಿನ ಪಾನ್, ಆಧಾರ್, ಪಾಸ್‌ಬುಕ್ ಅಲ್ಲೇ ಬಿದ್ದಿರುತ್ತೆ.

ಆಧಾರ್ ಕೊಡೋದೇ ಆದ್ರೂ ಒಂದು ದಾರಿ ಇದೆ. ಆಧಾರ್ ಕೊಡೋ ಸಂಸ್ಥೆ ಯುಐಡಿಎಐ ಸೈಟಲ್ಲಿ ಮಾಸ್ಕ್ಡ್ ಆಧಾರ್ ಅಂತ ಡೌನ್‌ಲೋಡ್ ಆಗುತ್ತೆ, ಹನ್ನೆರಡು ಅಂಕೆಯಲ್ಲಿ ಮೊದಲ ಎಂಟು ಮುಚ್ಚಿ ಕೊನೇ ನಾಲ್ಕು ಮಾತ್ರ ಕಾಣ್ಸುತ್ತೆ. ತಮಾಷೆ ಏನಂದ್ರೆ 2022ರ ಮೇ ತಿಂಗಳಲ್ಲಿ ಅವರದೇ ಬೆಂಗಳೂರು ಆಫೀಸು "ಆಧಾರ್ ಝೆರಾಕ್ಸ್ ಸಿಕ್ಕಸಿಕ್ಕಲ್ಲಿ ಕೊಡ್ಬೇಡಿ, ಮಾಸ್ಕ್ಡ್ ಕೊಡಿ" ಅಂತ ಹೇಳಿಕೆ ಕೊಡ್ತು, ದೇಶವೆಲ್ಲ ಗಾಬರಿ ಆಯ್ತು, ಎರಡೇ ದಿನಕ್ಕೆ ಸರ್ಕಾರ ಅದನ್ನ ವಾಪಸ್ ತಗೊಳ್ತು, ಜನ ತಪ್ಪು ತಿಳ್ಕೋತಾರೆ ಅಂತ. ಹೇಳಿಕೆ ವಾಪಸ್ ಹೋದ್ರೂ ಮಾಸ್ಕ್ಡ್ ಆಧಾರ್ ಎಲ್ಲೂ ಹೋಗಿಲ್ಲ, ಇವತ್ತೂ ಸಿಗುತ್ತೆ. ನಿಮ್ಮ ನೋಟಿಸಲ್ಲಿ ಅದರ ಸುದ್ದಿಯೇ ಇಲ್ಲ, "ಎರಡೂ ಬದಿ, ಸ್ಪಷ್ಟವಾಗಿ ಕಾಣುವಂತೆ" ಅಂತ ಇದೆ.

ಈಗಿನ ಕಾಲದ ಕಳ್ಳ ಕಾಂಪೌಂಡ್ ಹಾರಿ ಬರೋದು ಕಮ್ಮಿ. ಫೋನ್ ಮಾಡ್ತಾನೆ. ನಮ್ಮ ವಿಂಗಲ್ಲೇ ಇರೋ ಒಬ್ಬರು ಟೀಚರಮ್ಮ, ಮುನ್ಸಿಪಾಲಿಟಿ ಕನ್ನಡ ಶಾಲೆಯಲ್ಲಿ ಪಾಠ ಮಾಡಿ ರಿಟೈರ್ ಆದವರು, ಮಗ ಹೊರದೇಶದಲ್ಲಿ. ಅವರಿಗೆ ಫೋನ್ ಬಂತು, ನಿಮ್ಮ ಹೆಸರಲ್ಲಿ ಪಾರ್ಸೆಲ್ ಹೋಗಿದೆ, ಒಳಗೆ ಡ್ರಗ್ಸ್ ಸಿಕ್ಕಿದೆ, ಆಮೇಲೆ ವಿಡಿಯೋ ಕಾಲ್, ಖಾಕಿ ಬಟ್ಟೆ, ಹಿಂದೆ ಗೋಡೆ ಮೇಲೆ ಅಶೋಕ ಸ್ತಂಭ, ಕ್ಯಾಮೆರಾ ಬಿಟ್ಟು ಏಳಬೇಡಿ, ಮಗನಿಗೆ ಹೇಳಿದ್ರೆ ಅವನನ್ನೂ ಹಿಡೀತೀವಿ. ಈ ಡಿಜಿಟಲ್ ಅರೆಸ್ಟ್ ಅನ್ನೋದು ನಮ್ಮ ಕಾನೂನಲ್ಲಿ ಇಲ್ಲವೇ ಇಲ್ಲ, 2024ರ ಅಕ್ಟೋಬರಲ್ಲಿ ಪ್ರಧಾನಿ ಮನ್ ಕೀ ಬಾತಲ್ಲೂ ಹೇಳಿದ್ರು, ಟೀಚರಮ್ಮನೂ ಅದನ್ನ ಕೇಳಿದವರೇ. ಆದ್ರೂ ಸಿಕ್ಕಿಬಿದ್ರು, ಯಾಕಂದ್ರೆ ಆ ಕಡೆಯವನು ಅವರ ಪೂರ್ತಿ ಹೆಸರು, ಗಂಡನ ಹೆಸರು, ವಿಂಗು, ರೂಮ್ ನಂಬರು, ಮಗ ಹೊರಗಿರೋದು ಎಲ್ಲ ಪಟಪಟ ಹೇಳಿದ. ಇಷ್ಟೆಲ್ಲ ಗೊತ್ತಿರೋನು ಪೊಲೀಸೇ ಇರಬೇಕು ಅಂತ ಅವರು ನಂಬಿದ್ರು. ಎಫ್‌ಡಿ ಮುರಿಯೋಕೆ ಬ್ಯಾಂಕಿಗೆ ಹೋದಾಗ ಕೌಂಟರಲ್ಲಿದ್ದ ಹುಡುಗಿ ಮುಖ ನೋಡಿ "ಯಾಕಮ್ಮಾ, ಮನೇಲಿ ಯಾರಿಗಾದ್ರೂ ಹುಷಾರಿಲ್ವಾ, ಒಂದ್ಸಲ ಕೂತ್ಕೊಳ್ಳಿ" ಅಂತ ನೀರು ಕೊಟ್ಟು ಕೂರಿಸಿದ್ದಕ್ಕೆ ದುಡ್ಡು ಉಳೀತು. ಆ ಹುಡುಗಿಗೆ ದೇವರು ಒಳ್ಳೇದು ಮಾಡ್ಲಿ. ಹಾಗೊಂದು ವೇಳೆ ದುಡ್ಡು ಹೋಗಿಬಿಟ್ರೆ ತಕ್ಷಣ ಸೈಬರ್ ಮೋಸದ ಹೆಲ್ಪ್‌ಲೈನ್ 1930ಕ್ಕೆ ಫೋನ್ ಮಾಡ್ಬೇಕು, ಎಷ್ಟು ಬೇಗ ಮಾಡಿದ್ರೆ ಅಷ್ಟು ದುಡ್ಡು ತಡೆಯೋಕೆ ಆಗುತ್ತೆ. ನಿಮ್ಮ ನೋಟಿಸ್ ಬೋರ್ಡಲ್ಲಿ ಈ ನಂಬರ್ ಇಲ್ಲ, ಪಾರಿವಾಳಕ್ಕೆ ಕಾಳು ಹಾಕಿದ್ರೆ ಎಷ್ಟು ದಂಡ ಅಂತ ಮಾತ್ರ ಇದೆ.

ಆ ವಿವರ ಹೋದದ್ದು ನಮ್ಮ ಗೇಟಿಂದಲೇ ಅಂತ ನಾನು ಹೇಳೋಕೆ ಬರಲ್ಲ. ಕೊರಿಯರ್ ಡಬ್ಬಿ ಮೇಲಿನ ಚೀಟಿಯಿಂದ ಹೋಗಿರಬಹುದು, ಯಾವುದೋ ಮಾಲಲ್ಲಿ ಲಕ್ಕಿ ಡ್ರಾ ಅಂತ ತುಂಬಿಸಿದ ಫಾರ್ಮಿಂದ ಹೋಗಿರಬಹುದು. ಆದ್ರೆ ಹೆಸರು, ರೂಮು, ಮಕ್ಕಳು ಎಲ್ಲಿದ್ದಾರೆ ಅನ್ನೋದು ಮೂರೂ ಒಟ್ಟಿಗೆ ಒಂದೇ ಕಡೆ ಸಿಗೋ ಜಾಗ ಯಾವುದು ಹೇಳಿ? ನೀವು ಎಮರ್ಜೆನ್ಸಿಗೆ ಅಂತ ಮಾಡಿಸಿದ ಆ ಎಕ್ಸೆಲ್ ಶೀಟು. ಅದು ಯಾರ್ಯಾರ ಮೊಬೈಲಲ್ಲಿದೆ ಅಂತ ನಿಮಗೇ ಲೆಕ್ಕ ಇಲ್ಲ.

ನಮ್ಮನೆಗೆ ಕೆಲಸಕ್ಕೆ ಬರೋ ಅಕ್ಕ ಯಾದಗಿರಿ ಕಡೆಯವರು. ನೋಟಿಸ್ ಓದಿ ಹೇಳಿ ಅಂದ್ರು, ಓದಿ ಹೇಳಿದೆ. "ರೇಷನ್ನಿಗಂತ ಹೆಬ್ಬಟ್ಟು ಕೊಟ್ಟೆ, ಬ್ಯಾಂಕಿಗಂತ ಕೊಟ್ಟೆ, ಈಗ ಮಾರಿನೂ ಬೇಕಂತಾರೇನ್ರೀ ಅಕ್ಕಾ. ಭಾಂಡಿ ತಿಕ್ಕಿ ತಿಕ್ಕಿ ಬೆರಳಿನ ಗೆರಿ ಸವದಾವ, ಊರಾಗ ಮಷೀನ್ ಹಿಡಿಯಂಗಿಲ್ಲ, ನಾಳಿ ಮಾರಿನೂ ಹಿಡೀಲಿಲ್ಲಂದ್ರ ಗೇಟಿನಾಗ ನಿಂದರಸ್ತಾರೇನು?" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ, ನಿಮ್ಮ ಹತ್ರ ಇದ್ರೆ ಕೊಡಿ. ಅವರು ಈ ಬಿಲ್ಡಿಂಗಲ್ಲೇ ಆರು ಮನೆ ಮಾಡ್ತಾರೆ, ಬೆಳಿಗ್ಗೆ ಹತ್ತು ನಿಮಿಷ ಗೇಟಲ್ಲಿ ನಿಂತ್ರೆ ಮಧ್ಯಾಹ್ನದ ತನಕ ಆರೂ ಮನೆಯಲ್ಲಿ ಬೈಗಳ. ಇಂಥ ಆಪುಗಳಲ್ಲಿ ಕೆಲಸದವರಿಗೆ ಸ್ಟಾರ್ ಕೊಡೋದು ಬೇರೆ ಇರುತ್ತೆ, ಎಷ್ಟೊತ್ತಿಗೆ ಬಂದ್ಲು, ಎಷ್ಟು ದಿನ ರಜಾ, ಹೊರಗೆ ಹೋಗುವಾಗ ಕೈಯಲ್ಲಿ ಏನಿತ್ತು. ಅವರಿಗೆ ನಮ್ಮ ಬಗ್ಗೆ ಸ್ಟಾರ್ ಕೊಡೋಕೆ ಜಾಗ ಇದೆಯಾ? ಯಾರ ಮನೇಲಿ ಸಂಬಳ ಹತ್ತನೇ ತಾರೀಕು ದಾಟುತ್ತೆ, ಯಾರು ನಿನ್ನೆಯ ಅನ್ನ ಕೊಡ್ತಾರೆ, ಯಾರ ಮನೆ ಗಂಡಸು ಅಡುಗೆಮನೆ ಬಾಗಿಲಲ್ಲಿ ಸುಮ್ಮನೆ ನಿಲ್ತಾನೆ ಅಂತ ಅವರು ಬರೆಯೋ ಹಾಗಿದ್ದಿದ್ರೆ ಈ ಆಪ್ ಒಂದು ದಿನ ಬಾಳ್ತಿರಲಿಲ್ಲ, ಕಮಿಟಿಯೇ ಮೊದಲು "ಪ್ರೈವಸಿ" ಅಂತ ಕೂಗ್ತಿತ್ತು.

ಮುಚ್ಚಿಡೋಕೆ ಏನಿದೆ, ತಪ್ಪು ಮಾಡದವರಿಗೆ ಯಾಕೆ ಭಯ ಅಂತ ಕೇಳೋರು ಇದ್ದಾರೆ. ಅವರ ಬ್ಯಾಂಕ್ ಸ್ಟೇಟ್‌ಮೆಂಟ್ ಗ್ರೂಪಿಗೆ ಹಾಕ್ಲಿ, ಆಮೇಲೆ ಮಾತಾಡೋಣ.

ಪ್ರೈವಸಿ ಅನ್ನೋದು ಇಂಗ್ಲಿಷ್ ಓದಿದವರ ಚೋಚ್ಲಾ, ಬರೀ ಶೋಕಿ ಅಂತ ಲಿಫ್ಟಲ್ಲಿ ಒಬ್ಬರು ಅಂದ್ರು. ಅದನ್ನ ಸಂವಿಧಾನದ ಹಕ್ಕು ಅಂತ ಕೋರ್ಟಿಂದ ಹೇಳಿಸಿದ ಕೇಸಿಗೆ ಹೆಸರು ಕೊಟ್ಟದ್ದು ನಮ್ಮ ಕರ್ನಾಟಕ ಹೈಕೋರ್ಟಿನ ರಿಟೈರ್ಡ್ ಜಡ್ಜ್, ಕೆ.ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ ಆಧಾರ್ ಪ್ರಶ್ನೆ ಮಾಡಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತು ದಾಟಿತ್ತು. ಆ ವಯಸ್ಸಲ್ಲಿ ನಮ್ಮವರು ಮೊಮ್ಮಕ್ಕಳ ಮದುವೆ ನೋಡಿ ಕಣ್ಣು ಮುಚ್ಚೋಣ ಅಂತಿರ್ತಾರೆ, ಇವರು ಕೇಸ್ ಹಾಕಿದ್ರು. 2017ರ ಆಗಸ್ಟ್ 24ಕ್ಕೆ ಒಂಬತ್ತು ಜಡ್ಜುಗಳ ಪೀಠ, ಒಬ್ಬರೂ ಬೇರೆ ಅನ್ನದೆ, ಖಾಸಗಿತನ ಮೂಲಭೂತ ಹಕ್ಕು, ಬದುಕೋ ಹಕ್ಕು ಕೊಡೋ 21ನೇ ವಿಧಿಯ ಒಳಗೇ ಇದೆ ಅಂತ ತೀರ್ಪು ಕೊಡ್ತು. ಮುಂದಿನ ವರ್ಷ ಸೆಪ್ಟೆಂಬರಲ್ಲಿ ಆಧಾರ್ ಕಾಯ್ದೆ ಉಳಿಸಿದ್ರೂ, ಪ್ರೈವೇಟ್ ಕಂಪನಿಗಳು ಅದನ್ನ ಬಳಸೋಕೆ ದಾರಿ ಕೊಟ್ಟಿದ್ದ 57ನೇ ಸೆಕ್ಷನ್ನಿನ ಭಾಗ ಹೊಡೆದು ಹಾಕಿದ್ರು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಲ್ಲಿ ತೀರಿಕೊಂಡ್ರು, ಮುಂಬೈನ ನಮ್ಮ ಸಂಘಗಳಲ್ಲಿ ಎಷ್ಟು ಕಡೆ ಒಂದು ನಿಮಿಷ ಎದ್ದು ನಿಂತ್ರೋ ಏನೋ.

ಕಾನೂನೂ ಬಂದಿದೆ. 2023ರ ಡಿಜಿಟಲ್ ಪರ್ಸನಲ್ ಡೇಟಾ ಪ್ರೊಟೆಕ್ಷನ್ ಕಾಯ್ದೆ, ಅದರ ರೂಲ್ಸ್ 2025ರ ನವೆಂಬರಲ್ಲಿ ಹೊರಬಂತು, ಮುಖ್ಯ ಜವಾಬ್ದಾರಿಗಳಿಗೆ 18 ತಿಂಗಳ ಟೈಮ್ ಕೊಟ್ಟಿದ್ದಾರೆ. ಅದರ ಪ್ರಕಾರ ಏನು ತಗೊಳ್ತೀರಿ, ಯಾತಕ್ಕೆ ಅಂತ ಮೊದಲೇ ಹೇಳಿ ಒಪ್ಪಿಗೆ ತಗೋಬೇಕು, ಅದನ್ನ ಇಂಗ್ಲಿಷಲ್ಲಿ ಇಲ್ಲಾ ಸಂವಿಧಾನದ ಎಂಟನೇ ಶೆಡ್ಯೂಲಿನ 22 ಭಾಷೆಗಳಲ್ಲಿ ಯಾವುದ್ರಲ್ಲಿ ಬೇಕಾದ್ರೂ ಓದೋ ಅವಕಾಶ ಕೊಡಬೇಕು, ಅಂದ್ರೆ ಕನ್ನಡದಲ್ಲೂ. ಕೊಟ್ಟ ಒಪ್ಪಿಗೆ ವಾಪಸ್ ತಗೋಬಹುದು, ಕೆಲಸ ಮುಗಿದ್ಮೇಲೆ ಅಳಿಸ್ಬೇಕು, 18 ವರ್ಷದೊಳಗಿನ ಮಕ್ಕಳದ್ದಾದ್ರೆ ಅಪ್ಪ ಅಮ್ಮನ ಒಪ್ಪಿಗೆ ಪಕ್ಕಾ ಮಾಡ್ಕೋಬೇಕು. ಡೇಟಾ ಸರಿಯಾಗಿ ಕಾಯದಿದ್ರೆ ದಂಡ 250 ಕೋಟಿ ತನಕ. ಅಷ್ಟು ದೊಡ್ಡ ದಂಡ ನಮ್ಮಂಥ ಸೊಸೈಟಿಗೆ ಹಾಕ್ತಾರೆ ಅಂತ ಹೆದರಿಸೋಕೆ ಹೇಳ್ತಿಲ್ಲ, ದೊಡ್ಡ ಖರ್ಚಿಗೆ ಅಂತ ಕೂಡಿಡೋ ಸಿಂಕಿಂಗ್ ಫಂಡಲ್ಲಿ ಲಿಫ್ಟ್ ರಿಪೇರಿಗೇ ದುಡ್ಡಿಲ್ಲ ಅಂತ ಗೊತ್ತು. ಈ ಕಾಯ್ದೆ ಕಂಪ್ಯೂಟರಲ್ಲಿರೋ ಡೇಟಾಗೆ ಮಾತ್ರ, ಆ ರಟ್ಟು ಕಿತ್ತ ರಿಜಿಸ್ಟರಿಗೆ ತಾಗಲ್ಲ, ಅದೇ ಪುಟಾನ ಫೋಟೋ ಹೊಡೆದು ಆಪಿಗೆ ಹಾಕಿದ ಕ್ಷಣ ತಾಗುತ್ತೆ. ಆಪ್ ತಂದು ನೀವಾಗೇ ತಲೆ ಕೊಡ್ತಿದ್ದೀರಿ.

ಸಿಸಿಟಿವಿ ಬಗ್ಗೆ ಜಾಸ್ತಿ ಹೇಳಲ್ಲ. ರೆಕಾರ್ಡ್ ಮಾಡೋ ಡಬ್ಬಿ, ಅಂದ್ರೆ ಡಿವಿಆರಿನ ಪಾಸ್‌ವರ್ಡ್ ಕಂಪನಿಯಿಂದ ಬಂದದ್ದೇ ಇದೆ, ಡಬ್ಬಿ ಮೇಲೆ ಸ್ಟಿಕ್ಕರಲ್ಲಿ ಬರೆದಿದೆ, ಕ್ಯಾಬಿನ್ ಕಿಟಕಿಯಿಂದ ಓದಬಹುದು. 2016ರಲ್ಲಿ ಮಿರಾಯ್ ಅನ್ನೋ ಮಾಲ್‌ವೇರ್ ಇಂಥ ಪಾಸ್‌ವರ್ಡ್ ಬದಲಾಯಿಸದ ಕ್ಯಾಮೆರಾ, ಡಿವಿಆರುಗಳನ್ನೇ ಲಕ್ಷಗಟ್ಟಲೆ ಹಿಡ್ಕೊಂಡು ಅಮೆರಿಕಾದಲ್ಲಿ ದೊಡ್ಡ ದೊಡ್ಡ ವೆಬ್‌ಸೈಟುಗಳನ್ನ ಮಲಗಿಸಿತ್ತು. ಅಷ್ಟು ದೂರ ಬೇಡ ಅಂದ್ರೆ ಪಕ್ಕದ ಗುಜರಾತಲ್ಲಿ, 2025ರ ಫೆಬ್ರವರಿ, ರಾಜ್‌ಕೋಟಿನ ಒಂದು ಹೆರಿಗೆ ಆಸ್ಪತ್ರೆಯ ಒಳಗಿನ ಕ್ಯಾಮೆರಾದ ವಿಡಿಯೋಗಳು ಟೆಲಿಗ್ರಾಮಲ್ಲಿ ಮಾರಾಟಕ್ಕೆ ಬಂದ್ವು. ಅವೂ ಸುರಕ್ಷೆಗೆ ಅಂತಲೇ ಹಾಕಿದ ಕ್ಯಾಮೆರಾಗಳು. ನಮ್ಮಲ್ಲಿ ಹ್ಯಾಕರ್ ಕೂಡ ಬೇಕಿಲ್ಲ, ಏಳನೇ ಮಹಡಿ ಮೆಟ್ಟಿಲಲ್ಲಿ ಕೂತು ಮಾತಾಡ್ತಿದ್ದ ಕಾಲೇಜು ಹುಡುಗ ಹುಡುಗಿಯ ಕ್ಲಿಪ್ಪನ್ನ ಕಮಿಟಿಯ ಮೊಬೈಲಿಂದಲೇ ಗ್ರೂಪಿಗೆ ಹಾಕಿದ್ರಲ್ಲ, ನಗುವ ಇಮೋಜಿ ಎಷ್ಟು ಬಂತು ನೆನಪಿದೆಯಾ. ಆ ಹುಡುಗಿ ಮನೆಯವರು ರೂಮು ಖಾಲಿ ಮಾಡಿದ್ರು. ಅದರ ಬಗ್ಗೆ ಒಂದು ವಿಷಾದದ ಮಾತೂ ಯಾವ ಮಿನಿಟ್ಸಲ್ಲೂ ಬರ್ಲಿಲ್ಲ.

ಹಳೇ ಕಾಲ ಚೆನ್ನಾಗಿತ್ತು, ಚಾಳಲ್ಲಿ ಬಾಗಿಲೇ ಹಾಕ್ತಿರಲಿಲ್ಲ ಅಂತ ಹಿರಿಯರು ಹೇಳ್ತಾರೆ. ನಾನು ಅದನ್ನ ಪೂರ್ತಿ ಒಪ್ಪಲ್ಲ. ಕುಂದಾಪುರದಿಂದ, ಕಾರ್ಕಳದಿಂದ ಹೋಟೆಲ್ ಕೆಲಸಕ್ಕೆ ಬಂದ ಹುಡುಗನಿಗೆ "ಯಾರ ಮನೆಯವ, ಯಾರ ಪೈಕಿ" ಅಂತ ಕೇಳಿದ್ರೆ ಮುಗೀತಿತ್ತು, ಗುರ್ತದವರು ಒಬ್ಬರು ಹೂಂ ಅಂದ್ರೆ ಗಲ್ಲಾಪೆಟ್ಟಿಗೆ ಕೀಲಿನೂ ಕೈಗೆ ಬರ್ತಿತ್ತು, ನಿಜ. ಆದ್ರೆ ಗುರ್ತದವರು ಇಲ್ಲದವನಿಗೆ ಬಾಗಿಲೂ ಇರಲಿಲ್ಲ, ಪೈಕಿ ಅಂದ್ರೆ ಜಾತಿ ಅಂತ ಎಲ್ಲರಿಗೂ ಗೊತ್ತಿತ್ತು, ಇವತ್ತಿಗೂ ಹೆಸರು ನೋಡಿ ರೂಮು ಕೊಡದ ಬಿಲ್ಡಿಂಗು ಈ ಊರಲ್ಲಿ ಎಷ್ಟು ಬೇಕು. ಹಾಗಾಗಿ ಎಲ್ಲರಿಗೂ ಒಂದೇ ನಿಯಮ, ಬರೆದಿಟ್ಟ ನಿಯಮ ಇರಲಿ ಅನ್ನೋದರ ಪರವೇ ನಾನು. ಆದ್ರೆ ನಿಮ್ಮ ನೋಟಿಸಲ್ಲಿ ಆ ಒಂದೇ ನಿಯಮನೂ ಇಲ್ಲ. ಮುಖ ಕೊಡಬೇಕಾದ್ದು ಕೆಲಸದವರು ಮತ್ತೆ ಬಾಡಿಗೆಯವರು, ಸ್ವಂತ ರೂಮಿನವರ ಹತ್ರ ಕೇಳಿಲ್ಲ, ಅವರ ಮನೆಗೆ ಕಾರಲ್ಲಿ ಬರೋ ಗೆಸ್ಟಿಗೆ ವಾಚ್‌ಮನ್ ಸಲಾಂ ಹೊಡೆದು ಗೇಟ್ ತೆಗೀತಾನೆ.

ವಾಚ್‌ಮನ್ ಮೇಲೆ ನನಗೆ ಸಿಟ್ಟಿಲ್ಲ, ಹನ್ನೆರಡು ಗಂಟೆ ಡ್ಯೂಟಿ, ಏಜೆನ್ಸಿಯವರು ಎರಡು ತಿಂಗಳಿಗೊಮ್ಮೆ ಬದಲಾಯಿಸ್ತಾರೆ, ಆಪಿನ ಲಾಗಿನ್ ಮಾತ್ರ ಬಿಟ್ಟುಹೋದ ಹುಡುಗನ ಫೋನಲ್ಲೂ ಇರುತ್ತೆ. ಅದನ್ನ ಯಾರು ತೆಗೆಸ್ತಾರೆ?

ನಾನು ಕೇಳ್ತಿರೋದು ದೊಡ್ಡದೇನಲ್ಲ. ಮುಖ ಸ್ಕ್ಯಾನ್ ಬಿಡಿ, ಕೆಲಸದವರಿಗೆ ಫೋಟೋ ಇರೋ ಒಂದು ಗೇಟ್ ಪಾಸ್ ಕೊಡಿ, ಅದರ ಮೇಲೆ ಹೆಸರು ಮತ್ತೆ ಸೊಸೈಟಿ ಸಿಕ್ಕಾ ಸಾಕು. ಬಂದವರ ಹೆಸರು, ರೂಮು, ಹೊತ್ತು ಬರ್ಕೊಳ್ಳಿ, ನಂಬರ್ ಬೇಡ, ಇಂಟರ್‌ಕಾಂ ಯಾತಕ್ಕಿದೆ, ಮನೆಯವರು ಹೂಂ ಅಂದ್ರೆ ಬಿಡೋದು. ತುಂಬಿದ ರಿಜಿಸ್ಟರನ್ನ ರದ್ದಿಯವನಿಗೆ ಕೆಜಿ ಲೆಕ್ಕದಲ್ಲಿ ಮಾರ್ತಿದ್ದೀರಿ, ದಯವಿಟ್ಟು ಹರಿದು ಹಾಕಿ. ಆಪ್ ಬೇಕೇಬೇಕು ಅನ್ನೋದಾದ್ರೆ ಆ ಕಂಪನಿ ಜೊತೆಗಿನ ಎಗ್ರಿಮೆಂಟನ್ನ ಸದಸ್ಯರಿಗೆ ತೋರಿಸಿ, ಅವರು ಇದನ್ನ ಜಾಹೀರಾತಿನವರಿಗೆ ಕೊಡ್ತಾರಾ, ನಾವು ಆಪ್ ಬಿಟ್ಟ ದಿನ ನಮ್ಮದೆಲ್ಲ ಅಳಿಸ್ತಾರಾ, ಅದರಲ್ಲಿ ಬರೆದಿರಬೇಕು. ಫ್ರೀ ಕೊಡ್ತಿದ್ದಾರೆ ಅಂತ ಖುಷಿ ಪಡಬೇಡಿ, ಈ ಮುಂಬೈಯಲ್ಲಿ ಚಹಾದ ಜೊತೆ ನೀರು ಬಿಟ್ರೆ ಫ್ರೀ ಸಿಗೋದು ಯಾವುದು? ಮತ್ತೆ ಗ್ರೂಪಲ್ಲಿ ಹಾಕಿರೋ ಆಧಾರ್ ಫೋಟೋ ಎಲ್ಲಾ ಇವತ್ತೇ ಡಿಲೀಟ್ ಮಾಡಿ, ಇದಕ್ಕೆ ಮೀಟಿಂಗೂ ಬೇಡ, ಠರಾವೂ ಬೇಡ.

ಉಳಿದದ್ದು ಎಜಿಎಂಗೆ, ಅಂದ್ರೆ ವಾರ್ಷಿಕ ಮಹಾಸಭೆಗೆ. ಸೆಪ್ಟೆಂಬರ್ 30ರ ಒಳಗೆ ಮಾಡ್ಲೇಬೇಕು, ನೋಟಿಸ್ ಇನ್ನೂ ಹೊರಬಿದ್ದಿಲ್ಲ, ಹಾಗಾಗಿ ಅಜೆಂಡಾಕ್ಕೆ ಸೇರಿಸೋಕೆ ಟೈಮ್ ಇದೆ. ಕೊನೇಲಿ "ಅಧ್ಯಕ್ಷರ ಅನುಮತಿಯಿಂದ ಇತರ ವಿಷಯ" ಅನ್ನೋ ಕಡೆ ತಳ್ಳಬೇಡಿ, ಅಷ್ಟೊತ್ತಿಗೆ ಎಲ್ಲರೂ ಸಮೋಸಾ ಡಬ್ಬಿ ತಗೊಂಡು ಎದ್ದಿರ್ತಾರೆ. ಪಾರ್ಕಿಂಗ್ ಜಗಳಕ್ಕಿಂತ ಮೊದಲೇ ಇಡಿ. ಕೆಲಸದವರಲ್ಲಿ ಇಬ್ಬರನ್ನ ಕರೆದು ಅವರ ಮಾತೂ ಕೇಳಿ, ಅವರು ಸದಸ್ಯರಲ್ಲ ಅಂತ ಬೈಲಾ ತೋರಿಸ್ಬೇಡಿ, ಮುಖ ಅವರದ್ದು. ಉತ್ತರ ಲೆಟರ್‌ಹೆಡ್ಡಲ್ಲಿ, ಸಹಿ ಹಾಕಿ ಕೊಡಿ, ಗ್ರೂಪಲ್ಲಿ ಹೆಬ್ಬೆರಳು ಎತ್ತಿದ್ರೆ ನಾನು ಲೆಕ್ಕಕ್ಕೆ ತಗೊಳ್ಳಲ್ಲ.

ಇಂತಿ,
ಬಿ ವಿಂಗಿನ ಒಬ್ಬ ಸದಸ್ಯೆ, ಮೆಂಟೇನೆನ್ಸ್ ಬಾಕಿ ಇಲ್ಲದವಳು